ಬಾಯಲ್ಲಿ ಪೆಪ್ಪರಮೆಂಟು

ಕಡಲ ದಡದ ಬುಕ್ಟೂಶ್ ಊರಿನ ಬ್ಲೇಸ್‌ನ ಕ್ಷೌರದಂಗಡಿಗೆ ಹೋದವರು ತಲೆ ಹಗುರ ಮಾಡಿಕೊಂಡು, ಕಿವಿ ಭಾರ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಅವನ ಕತ್ತರಿಗಿಂತ ನಾಲಿಗೆಯೇ ಚುರುಕು. ಆ ವಸಂತದಲ್ಲಂತೂ ಅವನ ಬಾಯಲ್ಲಿದ್ದದ್ದು ಒಂದೇ ವಿಷಯ: ಹೆಂಡತಿ ಮಿರೆಯ್ ಮಾಡಿದ ಫೋನ್ ಆಟ.

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಮೊದಲು ಫೋನ್ ತೆಗೀರಿ. 'ನೀರಿಳಿದಾಗ' ಅಂತ ಹುಡುಕಿ. ನಮ್ಮ ಮನೆಯವಳದ್ದು! ನಾನಂತೂ ದಿನಾ ಆಡ್ತೀನಿ, ಬಿಡೋಕೇ ಆಗಲ್ಲ. ಹಾಂ, ಈಗ ಹೇಳಿ, ಕಿವಿ ಪಕ್ಕ ಎಷ್ಟು ಬಿಡ್ಲಿ?"

ಕತ್ತಿನ ಹತ್ತಿರ ಕತ್ತಿ ಹಿಡಿದವನು ಹೇಳಿದಾಗ ಆಟ ಇಳಿಸಿಕೊಳ್ಳದೆ ಇರುವವರು ಯಾರು?

ಮಿರೆಯ್ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಆಟ ಮಾಡುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎರಡು ಚಳಿಗಾಲ ಅಡುಗೆಮನೆಯ ಮೇಜಿನ ಮೇಲೆ ವಿಡಿಯೊ ನೋಡಿ ನೋಡಿ ತಾನೇ ಕಲಿತಿದ್ದಳು. ಅವಳ ಅಪ್ಪ ಕಡಲಿನ ಇಳಿತದ ಹೊತ್ತಿನಲ್ಲಿ ಕೆಸರು ಬಯಲಿಗೆ ಇಳಿದು ಬಳಚು ಎಂಬ ಚಿಪ್ಪುಮೀನು ಅಗೆದು ಮಾರುತ್ತಿದ್ದವನು. ಆಟವೂ ಅದೇ. ನೀರು ಹಿಂದೆ ಸರಿದಾಗ ಕೆಸರಿನಲ್ಲಿ ಬೆರಳಗಲದ ತೂತುಗಳು ಕಾಣುತ್ತವೆ; ಒಂದೊಂದು ತೂತಿನ ಕೆಳಗೂ ಒಂದೊಂದು ಚಿಪ್ಪು ಅಡಗಿರುತ್ತದೆ. ಅಗೆದು ಬಕೆಟ್ ತುಂಬಿಸಿಕೊಂಡು, ನೀರು ಮರಳಿ ಏರುವ ಮೊದಲು ದಡ ಸೇರಬೇಕು. ಗುಲಾಬಿ ಬಣ್ಣದ ಬೆಳಗು, ಕಡಲಹಕ್ಕಿಗಳ ಕೂಗು, ಕೆಸರು ಬೂಟನ್ನು ಕಚ್ಚಿ ಬಿಡುವ ಪಚಪಚ ಸದ್ದು ಎಲ್ಲವೂ ಅದರಲ್ಲಿತ್ತು. ನೋಡಿದವರಿಗೆ ಮನಸ್ಸು ತಂಪಾಗುವಂಥ ಆಟ.

ಆದರೆ ಆಟ ಜನರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇಳಿಸಿಕೊಂಡವರೇನೋ ಇದ್ದರು. ಮೊದಲ ಪರದೆ ದಾಟುವಷ್ಟರಲ್ಲಿ ಅವರಲ್ಲಿ ಬಹುಪಾಲು ಮಂದಿ ಮಾಯ. ಮಾರನೆಯ ದಿನ ಮತ್ತೆ ತೆರೆಯುವವರು ಬುಕ್ಟೂಶಿನ ನೆಂಟರಿಷ್ಟರು ಮಾತ್ರ. ಮಿರೆಯ್ ಆಟದ ಗುರುತಿನ ಚಿತ್ರ ಬದಲಾಯಿಸಿದಳು. ಹೆಸರಿನ ಅಕ್ಷರ ದಪ್ಪ ಮಾಡಿದಳು. ಬೆಳಗಿನ ಬಣ್ಣ ಸಾಲದೇನೋ ಎಂದು ಇನ್ನಷ್ಟು ಗುಲಾಬಿ ಬಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆ.

"ಪ್ರಚಾರ ಸಾಲ್ದು ಕಣೇ, ಅಷ್ಟೇ," ಎಂದ ಬ್ಲೇಸ್. ಆಟದ ಸ್ಟಿಕರ್ ಮಾಡಿಸಿ ಕಾಫಿ ಅಂಗಡಿ, ಹಾಕಿ ಮೈದಾನ, ಕೊನೆಗೆ ಚರ್ಚಿನ ಹೊರಗಿನ ಕಸದ ಡಬ್ಬದ ಮೇಲೂ ಅಂಟಿಸಿ ಪಾದ್ರಿಯಿಂದ ಬೈಸಿಕೊಂಡಿದ್ದ. ಈಗ ಅದಕ್ಕಿಂತ ದೊಡ್ಡ ಬೇಟೆ ಆಡಿ ಬಂದಿದ್ದ. ಫೋನ್ ಆಟಗಳನ್ನು ಆಡಿ ತೋರಿಸುವ ಕೋಲ್ಟನ್ ಎಂಬ ತರುಣನ ವಿಡಿಯೊಗಳನ್ನು ದೇಶದುದ್ದಕ್ಕೂ ಜನ ನೋಡುತ್ತಿದ್ದರು. ಅವನ ಚಿಕ್ಕಪ್ಪ ಬ್ಲೇಸ್‌ನ ಗಿರಾಕಿ. ಇಡೀ ಚಳಿಗಾಲ ಆ ಚಿಕ್ಕಪ್ಪನ ಕಿವಿ ಕೊರೆದು ಕೊರೆದು ಬ್ಲೇಸ್ ಮಾತು ತೆಗೆದುಕೊಂಡಿದ್ದ: ಬರುವ ಶನಿವಾರ ಕೋಲ್ಟನ್ ಎಲ್ಲರೆದುರು 'ನೀರಿಳಿದಾಗ' ಆಡುತ್ತಾನೆ.

"ಶನಿವಾರ ಆದ್ಮೇಲೆ ನೋಡ್ತಿರು. ಔಷಧದಂಗಡಿಗೆ ನೀನು ಗಿರಾಕಿಯಾಗಿ ಹೋಗ್ತೀಯ, ಕೆಲಸಕ್ಕಲ್ಲ."

ಮಿರೆಯ್ ನಕ್ಕಳು. ನಂಬಿಕೆ ಅವಳಿಗೂ ಇತ್ತು. ಇದೂ ಕೈಕೊಟ್ಟರೆ ಆಟವನ್ನು ಅಲ್ಲಿಗೇ ಬಿಟ್ಟುಬಿಡುವುದು ಎಂದು ಒಳಗೊಳಗೇ ತೀರ್ಮಾನಿಸಿದ್ದಳು. ಅದನ್ನು ಮಾತ್ರ ಗಂಡನಿಗೆ ಹೇಳಿರಲಿಲ್ಲ.

ಆ ವಾರವೇ ಹತ್ತಿರದ ಮಾಂಕ್ಟನ್ ಪಟ್ಟಣದ ಗ್ರಂಥಾಲಯದ ನೆಲಮಾಳಿಗೆಯಲ್ಲಿ, ತಮ್ಮ ಪಾಡಿಗೆ ತಾವು ಆಟ ಮಾಡುವವರ ತಿಂಗಳ ಕೂಟವಿತ್ತು. ಮಿರೆಯ್ ಅಲ್ಲಿಗೆ ಹೋಗಿದ್ದು ಅದೇ ಮೊದಲು. ಶನಿವಾರದ ಸುದ್ದಿ ಹೇಳಿ ನಾಲ್ಕು ಜನರ ಮುಂದೆ ಮೆರೆಯುವ ಆಸೆಯೂ ಸ್ವಲ್ಪ ಇತ್ತೆನ್ನಿ. ಕೂಟ ನಡೆಸುವ ವೆರ್ನಾ ಸ್ಟೀವ್ಸ್ ಹಿಂದೆ ಆಟದ ಕಂಪನಿಯೊಂದರಲ್ಲಿ ದುಡಿದು ಬಂದವಳು. ನಮಸ್ಕಾರ ಹೇಳುವ ಮೊದಲೇ ಅವಳು ಗಾಜಿನ ಭರಣಿಯಿಂದ ಒಂದು ಪೆಪ್ಪರಮೆಂಟು ತೆಗೆದು ಮಿರೆಯ್ ಅಂಗೈಗಿಟ್ಟಳು.

"ಇದು ಇಲ್ಲಿಯ ನಿಯಮ. ಆಟ ಇನ್ನೊಬ್ಬರು ಆಡ್ತಾರೆ. ನೀನು ಅವರ ಬೆನ್ನ ಹಿಂದೆ ಕೂತ್ಕೋ. ಇದು ಬಾಯಲ್ಲಿ ಕರಗೋವರೆಗೂ ಒಂದು ಮಾತೂ ಆಡೋ ಹಾಗಿಲ್ಲ. ಕಡಿಯೋ ಹಾಗೂ ಇಲ್ಲ."

"ಇದೇನು, ಶಿಶುವಿಹಾರನಾ?"

"ನಿನ್ನ ಆಟ ಇಳಿಸಿಕೊಂಡವರ ಮನೆಗೆಲ್ಲ ಹೋಗಿ ಹಿಂದೆ ನಿಂತ್ಕೋತೀಯೇನಮ್ಮ? ಬಾಯಿಗೆ ಹಾಕ್ಕೋ."

ಆಡಲು ಕೂತವಳು ಲೆಸ್ಯಾ ಎಂಬ ನರ್ಸು, ದೂರದ ಸಸ್ಕಾಚೆವಾನಿನ ಗೋಧಿ ಬಯಲಿನಿಂದ ಕೆಲಸಕ್ಕಾಗಿ ಬಂದವಳು. ಬೆಳಗಿನ ಬಣ್ಣ ನೋಡಿ ಅವಳು "ಆಹಾ!" ಎಂದಳು. ಕೆಸರಿನಲ್ಲಿ ತೂತು ಕಂಡಿತು. ಅದರ ಮೇಲೆ ಬೆರಳಿಟ್ಟಳು. ಗುದ್ದಲಿ ಇಳಿಯಿತು, ಚಟ್ ಎಂದು ಚಿಪ್ಪು ಒಡೆಯಿತು, ನೀರು ಒಂದಿಷ್ಟು ಏರಿತು. ಇನ್ನೊಂದು ತೂತು, ಮತ್ತೆ ಚಟ್.

ಮಿರೆಯ್ ಪೆಪ್ಪರಮೆಂಟನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ತಳ್ಳಿದಳು. ಪಕ್ಕದಲ್ಲಿ, ಪಕ್ಕದಲ್ಲಿ ಅಗಿ ಮಾರಾಯ್ತಿ!

"ಓ, ಚಿಪ್ಪು ಒಡೆಯೋ ಆಟನಾ ಇದು?" ಎಂದು ಲೆಸ್ಯಾ ಉತ್ಸಾಹದಿಂದ ಎಲ್ಲವನ್ನೂ ಒಡೆದಳು. ನೀರು ಬಂದು ಅವಳನ್ನು ನುಂಗಿತು. ಮತ್ತೆ ಶುರು ಮಾಡಿದಳು, ಮತ್ತೆ ಮುಳುಗಿದಳು. ಕೊನೆಗೆ ಫೋನನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಈ ದೇಶದವರೆಲ್ಲ ನಗುವ ಹಾಗೆ ನಯವಾಗಿ ನಕ್ಕಳು. "ಚೆನ್ನಾಗಿದೆ. ಹಕ್ಕಿ ಕೂಗು ತುಂಬಾ ಚೆನ್ನಾಗಿದೆ."

ಪೆಪ್ಪರಮೆಂಟು ಕರಗಿದ್ದೇ ತಡ, ಮಿರೆಯ್ ಸ್ಫೋಟಿಸಿದಳು. "ತೂತಿನ ಮೇಲೇ ಅಗೆದ್ರೆ ಚಿಪ್ಪು ಒಡೆಯಲ್ವಾ? ಒಂದು ಗೇಣು ಪಕ್ಕದಲ್ಲಿ ಅಗೆದು ಕೈ ಹಾಕಿ ಎತ್ಬೇಕು. ಇದು ಎಲ್ರಿಗೂ ಗೊತ್ತಿರೋದೇ!"

ಲೆಸ್ಯಾ ಹೇಳಿದಳು: "ನಮ್ಮೂರಿಂದ ಸಮುದ್ರಕ್ಕೆ ಹೋಗ್ಬೇಕಂದ್ರೆ ದಿನಗಟ್ಟಲೆ ಕಾರು ಓಡಿಸ್ಬೇಕು ಕಣಮ್ಮ. ಬಳಚು ಅನ್ನೋದನ್ನ ನಾನು ತಟ್ಟೇಲಿ ಮಾತ್ರ ನೋಡಿರೋದು."

ಮನೆಗೆ ಬರುವ ದಾರಿಯುದ್ದಕ್ಕೂ ಮಿರೆಯ್ ಕಾರಿನ ರೇಡಿಯೊ ಹಾಕಲಿಲ್ಲ. ಇಷ್ಟು ದಿನ ಆಟ ಆಡಿ ಹೊಗಳಿದವರೆಲ್ಲ ದಡದ ಮಂದಿ, ನಡೆಯಲು ಕಲಿಯುವ ಮೊದಲೇ ಕೆಸರಿಗಿಳಿದವರು. ಮೀನಿನ ಮರಿಗೆ ಈಜು ಕಲಿಸಬೇಕೆ? ಅಕಸ್ಮಾತ್ ಹೊರಗಿನವರು ಕೂತರೆ ಅವಳೇ ಹೆಗಲ ಮೇಲಿಂದ ಬಗ್ಗಿ "ಅಲ್ಲಲ್ಲ, ಪಕ್ಕದಲ್ಲಿ" ಎಂದು ಬೆರಳು ಹಿಡಿದು ತೋರಿಸಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವಳದು ಹೆಗ್ಗಣವೇನಲ್ಲ, ಒಳ್ಳೆಯ ಮಗುವೇ. ಆದರೆ ಅದರ ಮಾತು ತಾಯಿಗಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ.

ಆಗ ಅವಳಿಗೆ ಬ್ಲೇಸ್‌ನ ನೆನಪಾಯಿತು. ಅವನು ಒಳನಾಡಿನ ಗ್ರಾಂಡ್ ಫಾಲ್ಸ್ ಕಡೆಯವನು, ಆಲೂಗಡ್ಡೆ ಹೊಲದಲ್ಲಿ ಬೆಳೆದವನು.

ಬೆಳಗ್ಗೆ ಕಾಫಿಯ ಹೊತ್ತಿಗೆ ಅವಳು ಫೋನನ್ನು ಅವನ ಮುಂದಿಟ್ಟು, ತನ್ನ ಬಾಯಿಗೆ ಒಂದು ಪೆಪ್ಪರಮೆಂಟು ಹಾಕಿಕೊಂಡು, ಹಿಂದಿನ ಕುರ್ಚಿಯಲ್ಲಿ ಕೂತಳು.

"ಈಗ್ಲಾ? ಅಂಗಡಿ ತೆಗೀಬೇಕಲ್ಲೇ," ಎಂದು ಬ್ಲೇಸ್ ಕೊಸರಿದ. ಅವಳು ಬಾಯಿ ತೋರಿಸಿ ತಲೆಯಾಡಿಸಿದಳು. ಬೇರೆ ದಾರಿಯಿಲ್ಲದೆ ಅವನು ಆಡಿದ. ತೂತಿನ ಮೇಲೆ ಬೆರಳು, ಚಟ್. ಇನ್ನೊಂದು, ಚಟ್. ನೀರು ಏರಿತು. ಅವನ ಕಿವಿ ಕೆಂಪಾಯಿತು. ಹಿಂದಿನಿಂದ ಮಾತೇ ಬರದಿದ್ದಾಗ, ಮೌನ ಸಹಿಸಿ ಗೊತ್ತಿಲ್ಲದ ಆ ಮನುಷ್ಯ ತಾನೇ ಬಾಯಿ ಬಿಟ್ಟ.

"ನಾನು ಒಂದು ಸಲಾನೂ, ಒಂದೇ ಒಂದು ಬಳಚೂ ಎತ್ತಿಲ್ಲ ಕಣೇ. ನೀನು ಬೆರಳು ಹಿಡ್ಕೊಂಡು ಆಡ್ಸಿದ್ದು ಬಿಟ್ರೆ. ಏನೋ ಸೂಕ್ಷ್ಮ ಇರ್ಬೇಕು, ನನ್ನ ದಡ್ಡ ತಲೆಗೆ ಹತ್ತಲ್ಲ ಅಂದ್ಕೊಂಡೆ. ದಿನಾ ತೆಗೀತೀನಿ, ಹಕ್ಕಿ ಕೂಗು ಕೇಳ್ತೀನಿ, ಮುಚ್ಚಿಡ್ತೀನಿ."

ಮಿರೆಯ್ ಪೆಪ್ಪರಮೆಂಟನ್ನು ಕೈಗೆ ಉಗಿದಳು. ನಿಯಮ ಮುರಿಯಿತು, ಮುರಿಯಲಿ. "ಊರಿಗೆಲ್ಲ ಹೇಳ್ಕೊಂಡು ಬಂದ್ಯಲ್ಲೋ! ಬಿಡೋಕೇ ಆಗಲ್ಲ ಅಂತ!"

"ಹೆಂಡ್ತಿ ಮಾಡಿದ ಸಾರನ್ನ ಹೊಗಳೋಕೆ ಉಪ್ಪು ನೋಡ್ಬೇಕಾ?"

"ಉಪ್ಪಿಲ್ಲ ಅಂತ ಹೇಳೋಕೆ ನೀನಲ್ದೆ ನಂಗೆ ಇನ್ಯಾರಿದಾರೆ, ಬ್ಲೇಸ್?"

ಅವಳಿಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಸೋತ ಆಟವನ್ನು ದಿನವೂ ತೆರೆದು, ಊರ ತುಂಬ ಗೆದ್ದವನಂತೆ ಹೇಳಿಕೊಂಡು ತಿರುಗಿದ ಗಂಡನನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಅವಳು ಎದ್ದು ಹೋಗಿ ಕಾಫಿ ಲೋಟ ತೊಳೆದಳು.

"ಶನಿವಾರದ್ದು ಬೇಡ," ಎಂದಳು ಲೋಟ ಕವುಚಿಡುತ್ತ.

"ತಲೆ ಕೆಟ್ಟಿದ್ಯಾ? ಎಷ್ಟು ಕಷ್ಟಪಟ್ಟು ಒಪ್ಸಿದೀನಿ! ಪಕ್ಕದಲ್ಲಿ ಅಗಿಯಪ್ಪಾ ಅಂತ ಕೋಲ್ಟನ್‌ಗೆ ಒಂದು ಮಾತು ಹೇಳಿದ್ರಾಯ್ತು."

"ಅವನಿಗೆ ನೀನು ಹೇಳ್ತೀಯ. ಅವನನ್ನ ನೋಡಿ ಬರೋ ಅಷ್ಟೂ ಜನಕ್ಕೆ? ಒಂದು ಸಲ ಮುಳುಗಿ ಹೋದವರು ತಿರುಗಿ ಬರಲ್ಲ ಕಣೋ. ಇಷ್ಟು ದಿನ ನಾವು ಜನಾನ ಕರ್ಕೊಂಡು ಬಂದು ಮುಳುಗಿಸ್ತಾ ಇದ್ವಿ."

ಬ್ಲೇಸ್ ಗಲ್ಲ ಕೆರೆದುಕೊಂಡ, ಕಿಟಕಿ ನೋಡಿದ, ಕೋಲ್ಟನ್‌ಗೆ ಫೋನ್ ಮಾಡಲು ಹೊರಗೆ ಹೋದ. ಅವನ ಬದುಕಿನಲ್ಲೇ ಅತಿ ಚಿಕ್ಕ ಮಾತುಕತೆ ಅದು. ಒಳಗೆ ಬಂದು ಹೇಳಿದ: "ಶನಿವಾರ ಇಲ್ಲ ಅಂದ್ರೆ ಮುಂದೆ ಯಾವಾಗ್ಲೂ ಇಲ್ಲ ಅಂದ."

"ನೀನೇನಂದೆ?"

"ಆಗ್ಲಪ್ಪಾ ಅಂದೆ."

ಅದೆಷ್ಟು ನೋವಿನ ಮಾತೆಂದು ಅವಳಿಗೆ ಗೊತ್ತಿತ್ತು. ಅಂದು ಸಂಜೆಯಿಂದಲೇ ಅವಳು ರಿಪೇರಿಗೆ ಕೂತಳು. ಮೊದಲು ಆಟದ ಬಾಗಿಲಲ್ಲೇ ಒಂದು ಪುಟ ವಿವರಣೆ ಬರೆದು ಹಾಕಿದಳು. ಬ್ಲೇಸ್ ಅದನ್ನು ಓದದೆಯೇ ದಾಟಿ ಹೋಗಿ ಚಟ್ ಎನಿಸಿದ. ಹಿಂದೆ ಕೂತ ಅವಳಿಗೆ ಪೆಪ್ಪರಮೆಂಟು ಗಂಟಲಿಗೇ ಇಳಿಯಿತು. ಅಕ್ಷರ ದೊಡ್ಡದು ಮಾಡಿದಳು, ಬಾಣದ ಗುರುತು ಹಾಕಿದಳು. ಬಾಣ ತೋರಿಸಿದಲ್ಲಿ ಅಗೆದವನು, ಬಾಣ ಇಲ್ಲದ ಕಡೆ ಮತ್ತೆ ಒಡೆದ. ಹೇಳಿಸಿಕೊಂಡದ್ದು ಅವನಲ್ಲಿ ಉಳಿಯುತ್ತಲೇ ಇರಲಿಲ್ಲ.

ಒಂದು ಭಾನುವಾರ ಅವಳು ತಾನೇ ಬೂಟು ಹಾಕಿಕೊಂಡು ಕೆಸರು ಬಯಲಿಗೆ ಹೋದಳು. ತನಗೆ ಇದನ್ನು ಹೇಳಿಕೊಟ್ಟವರು ಯಾರು ಎಂದು ಯೋಚಿಸಿದಳು. ಯಾರೂ ಹೇಳಿರಲಿಲ್ಲ. ಅಪ್ಪ ಹಲ್ಲುಗುದ್ದಲಿಯನ್ನು ತೂತಿನ ಪಕ್ಕ ಒಂದು ಗೇಣು ಬಿಟ್ಟು ಕೆಸರಿಗೆ ಊರಿ, ಅದರ ಹಿಡಿಯನ್ನು ಅವಳ ಪುಟ್ಟ ಕೈಗೆ ಕೊಟ್ಟು, ತಾನು ಮುಂದಿನ ತೂತಿಗೆ ಹೋಗಿಬಿಡುತ್ತಿದ್ದ. ಅವಳು ಎಳೆಯುತ್ತಿದ್ದಳು, ಕೆಸರು ಮಗುಚುತ್ತಿತ್ತು, ಒಡೆಯದ ಚಿಪ್ಪು ಕಾಣುತ್ತಿತ್ತು. ಗುದ್ದಲಿ ನಿಂತ ಜಾಗವೇ ಪಾಠವಾಗಿತ್ತು.

ಬರೆದದ್ದನ್ನೆಲ್ಲ ಅವಳು ಅಳಿಸಿ ಹಾಕಿದಳು. ಈಗ ಆಟ ತೆರೆದರೆ ಕಾಣುವುದು ಬೆಳಗು, ಒಂದು ತೂತು, ಅದರಿಂದ ಗೇಣು ದೂರದಲ್ಲಿ ಯಾರೋ ಊರಿಟ್ಟು ಹೋದ ಗುದ್ದಲಿ. ಮುಂದೆ ನಡೆಯುತ್ತಿರುವ ಒಬ್ಬ ಮನುಷ್ಯನ ಬೆನ್ನು. ಅಷ್ಟೇ.

ಬ್ಲೇಸ್ ಗುದ್ದಲಿ ಎಳೆದ. ಚಿಪ್ಪು ಇಡಿಯಾಗಿ ಬಂತು. ಎರಡನೆಯ ತೂತಿನ ಹತ್ತಿರ ಊರಿಟ್ಟ ಗುದ್ದಲಿ ಇರಲಿಲ್ಲ. ಅವನ ಬೆರಳು ತೂತಿನ ಮೇಲೆ ಹೋಯಿತು, ಅಲ್ಲೇ ನಿಂತಿತು, ನಿಧಾನವಾಗಿ ಪಕ್ಕಕ್ಕೆ ಸರಿಯಿತು. "ಬಂತು! ಬಂತು ಕಣೇ! ನಾನೇ ಎತ್ತಿದ್ದು!" ಎಂದು ಕುರ್ಚಿ ಬೀಳಿಸಿಕೊಂಡು ಎದ್ದ. ನಲವತ್ತು ದಾಟಿದ ಗಂಡಸು ಅಡುಗೆಮನೆಯಲ್ಲಿ ಕುಣಿದ.

ಇದಾದ ಮೇಲೆ ಆಟವೇನು ದೇಶ ಗೆಲ್ಲಲಿಲ್ಲ. ಕೋಲ್ಟನ್ ಮತ್ತೆ ಫೋನ್ ಎತ್ತಲೂ ಇಲ್ಲ. ಆದರೆ ಹೊಸದಾಗಿ ಬಂದವರಲ್ಲಿ ಅರ್ಧದಷ್ಟು ಮಂದಿ ಮಾರನೆಯ ದಿನವೂ ಕೆಸರಿಗೆ ಇಳಿಯತೊಡಗಿದರು.

ಶರತ್ಕಾಲದ ಒಂದು ಮಧ್ಯಾಹ್ನ ಮಿರೆಯ್ ಫ್ರಿಕೋ ಎಂಬ ಕೋಳಿ ಸಾರಿನ ಡಬ್ಬಿ ಹಿಡಿದು ಗಂಡನ ಅಂಗಡಿಗೆ ಹೋದಳು. ಒಳಗೆ ಕತ್ತರಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಯಾರಾದರೂ ಸತ್ತರೇನೋ ಎಂದು ಅವಳಿಗೆ ಗಾಬರಿಯಾಯಿತು. ಕುರ್ಚಿಯಲ್ಲಿ ಒಳನಾಡಿನಿಂದ ಆಲೂಗಡ್ಡೆ ತಂದ ಲಾರಿ ಚಾಲಕನೊಬ್ಬ ಫೋನ್ ಹಿಡಿದು ಕೂತಿದ್ದ. ಅವನ ಹಿಂದೆ ಬ್ಲೇಸ್. ಬ್ಲೇಸ್‌ನ ಒಂದು ಕೆನ್ನೆ ಉಬ್ಬಿತ್ತು. ಕನ್ನಡಿಯ ಕೆಳಗೆ ಬಾಚಣಿಗೆಗಳ ನಡುವೆ ಪೆಪ್ಪರಮೆಂಟಿನ ಒಂದು ಭರಣಿ ಇತ್ತು.

ಕಾಯುತ್ತ ಕೂತಿದ್ದ ಮುದುಕನೊಬ್ಬ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಈಗ ದಿನಾ ಹೀಗೇ ನೋಡು. ಫೋನ್ ಕೈಗೆ ಕೊಡ್ತಾನೆ, ಬಾಯಿಗೆ ಬೀಗ ಹಾಕ್ಕೋತಾನೆ. ಊರಿಗೇ ಪುಣ್ಯ ಬಂತು ಕಣಮ್ಮ."

ಫೋನಿನಿಂದ ಚಟ್ ಎಂದು ಕೇಳಿಸಿತು. ಬ್ಲೇಸ್‌ನ ಕತ್ತರಿ ನಿಂತಿತು. ಅವನ ಕತ್ತಿನ ನರ ಉಬ್ಬಿತು, ಪೆಪ್ಪರಮೆಂಟು ಆ ಕೆನ್ನೆಯಿಂದ ಈ ಕೆನ್ನೆಗೆ ಓಡಿತು. ಮಾತೇ ಉಸಿರಾಗಿದ್ದ ಮನುಷ್ಯ ಅದನ್ನು ಕಡಿಯಲಿಲ್ಲ. ಚಾಲಕ ಹುಬ್ಬು ಗಂಟಿಕ್ಕಿ ಪರದೆಯತ್ತ ಬಗ್ಗಿದ, ಬೆರಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅವನ ಮುಖ ಕನ್ನಡಿಯಲ್ಲಿ ಅರಳಿತು.

"ಅರೆ, ಸಿಕ್ತು! ಬ್ಲೇಸ್, ಯಾರಯ್ಯಾ ಇದನ್ನ ಮಾಡಿದ್ದು?"

ಬ್ಲೇಸ್ ಕನ್ನಡಿಯಲ್ಲೇ ಹೆಂಡತಿಯನ್ನು ಕಂಡ. ಬಾಯಿ ತೆರೆಯದೆ, ಕತ್ತರಿ ಹಿಡಿದ ಕೈಯನ್ನೇ ಬಾಗಿಲ ಕಡೆ ಚಾಚಿ ತೋರಿಸಿದ. ಚಾಲಕ ತಿರುಗಿ "ನೀವೇನಾ?" ಎಂದು ಕೇಳಿದ. ಮಿರೆಯ್ ಬಾಯಲ್ಲಿ ಪೆಪ್ಪರಮೆಂಟೇನೂ ಇರಲಿಲ್ಲ. ಆದರೂ ಅವಳಿಗೆ ಮಾತು ಹೊರಡಲಿಲ್ಲ.