ಏಣಿಯಿಂದ ಬಿದ್ದ ಮೇಷ್ಟ್ರು

ಪೆಟ್ಟಿಗೆಯಲ್ಲಿ ಮಲಗಿದ್ದ ಆರ್ವಿಲ್‌ನ ಸೊಟ್ಟ ಬೆರಳುಗಳು ಕಾಣದಂತೆ ಅಂತ್ಯಕ್ರಿಯೆಯ ಹುಡುಗ ಇನ್ನೊಂದು ಕೈಯನ್ನು ಮೇಲಿಡುತ್ತಿದ್ದ. ಕೋರಾ ತಡೆದಳು.

“ಬಿಡಪ್ಪಾ, ಕಾಣ್ಲಿ. ಮೂವತ್ತು ವರ್ಷ ಮುಚ್ಚಿಟ್ಟಿದ್ದು ಸಾಕು.”

ಗಂಡನಿಗಾಗಿ ಅಳುವುದು ನಾಳೆಯೂ ಇತ್ತು. ಇವತ್ತು ಅವಳಿಗಿದ್ದದ್ದು ಒಂದೇ ಕಾತರ: ಫ್ಲಾಯ್ಡ್ ಹ್ಯಾಚರ್ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೋ ಇಲ್ಲವೋ.

ಚರ್ಚಿನ ಹಿಂದಿನ ಬೆಂಚಿನಲ್ಲಿ ಪಿಸುಮಾತು ನಡೆದಿತ್ತು.

“ಲೆಕ್ಕದ ಮೇಷ್ಟ್ರು ಒಳ್ಳೇವ್ರು, ಪಾಪ. ಏಣಿ ಮಾತ್ರ ಆಗಿಬರ್ತಿರ್ಲಿಲ್ಲ. ಪ್ರತಿ ನವೆಂಬರ್‌ನಲ್ಲೂ ಬೀಳೋರು.”

“ಏಣಿನೋ, ಬಾಟ್ಲಿನೋ.”

*

ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯ ಒಂದು ಭಾನುವಾರ ಸಂಜೆ. ಕೋರಾ ಗಂಡನ ಬಲ ಮೊಣಕಾಲಿಗೆ ಮಂಜುಗಡ್ಡೆ ಕಟ್ಟುತ್ತಿದ್ದಳು. ಓಹಿಯೋದಲ್ಲೇ ನಲವತ್ತು ಮೈಲಿ ಆಚೆಯ ಉಕ್ಕಿನ ಊರಿನ ತಂಡಕ್ಕೆ ಆರ್ವಿಲ್ ಕಾಸಿಗೆ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಚರ್ಮದ ಟೊಪ್ಪಿ ಹಾಕಿಕೊಂಡು, ಚೆಂಡನ್ನು ಬಗಲಲ್ಲಿ ಅವುಚಿ, ಎದುರಿನ ಹನ್ನೊಂದು ಜನರ ಮೇಲೆ ನುಗ್ಗುತ್ತಿದ್ದ. ದೇವರ ದಿನವಾದ ಭಾನುವಾರ ಹೀಗೆ ಆಡುವವನೆಂದು ಗೊತ್ತಾದರೆ ಅವನು ಲೆಕ್ಕ ಹೇಳಿಕೊಡುತ್ತಿದ್ದ ಚರ್ಚಿನ ಶಾಲೆ ಮರುದಿನವೇ ಮನೆಗೆ ಕಳಿಸುತ್ತಿತ್ತು; ಪೆಟ್ಟಾದಾಗೆಲ್ಲ ಏಣಿಯಿಂದ ಬಿದ್ದೆ ಎನ್ನುತ್ತಿದ್ದ. ಆಗ ಎಷ್ಟೋ ಆಟಗಾರರು ಯಾರದ್ದೋ ಹೆಸರಲ್ಲಿ ಆಡುತ್ತಿದ್ದರು. ಆರ್ವಿಲ್ ಪಕ್ಕದ ಮನೆಯ ಕ್ಷೌರಿಕ ಫ್ಲಾಯ್ಡ್‌ನ ಹೆಸರು ಎರವಲು ಪಡೆದಿದ್ದ.

“ಪೇಪರ್‌ನಲ್ಲಿ ನನ್ನ ಹೆಸ್ರು ಬಂದಿದೆ ಕಣೋ,” ಎಂದು ಅಲ್ಲೇ ಕೂತಿದ್ದ ಫ್ಲಾಯ್ಡ್ ನಾಚಿಕೊಂಡ. “ಅಂಗಡೀಗೆ ಬಂದೋರೆಲ್ಲ ಬೆನ್ನು ತಟ್ತಾರೆ. ಒಂಥರಾ ಆಗುತ್ತೆ.”

“ತಟ್ಟಿಸ್ಕೊಳ್ಳೋ. ನಾನು ಸತ್ತ ದಿನ ಮಾತ್ರ ನಿಜ ಹೇಳ್ಬಿಡು. ಆಗ ನನ್ನ ಕೆಲಸ ಯಾರೂ ಕಿತ್ಕೊಳ್ಳಲ್ಲ.”

“ದೇವರಾಣೆ ಹೇಳ್ತೀನಿ.”

*

ಫ್ಲಾಯ್ಡ್ ಎದ್ದು ಪೆಟ್ಟಿಗೆಯ ಪಕ್ಕ ನಿಂತ. ಸೊಟ್ಟ ಬೆರಳುಗಳನ್ನು ನೋಡಿದ. ಮುಂದಿನ ಸಾಲಿನಲ್ಲಿ ಅವನ ಮೊಮ್ಮಕ್ಕಳು ತಾತನನ್ನೇ ನೋಡುತ್ತಿದ್ದರು.

“ಆರ್ವಿಲ್ ನನ್ನ ಒಂದಾಟಾನೂ ತಪ್ಪಿಸ್ಕೊಂಡೋನಲ್ಲ,” ಎಂದ. “ಗೆರೆ ಪಕ್ಕ ನಿಂತು ಕೂಗೋನು. ಅವನಿಲ್ದಿದ್ರೆ ನಾನು ಆಟಗಾರನೇ ಆಗ್ತಿರ್ಲಿಲ್ಲ.”

ಹಲವರು ಕಣ್ಣೊರೆಸಿಕೊಂಡರು. ಕೋರಾ ಎದ್ದು ನಿಂತಳು.

“ಆಡಿದ್ದು ನನ್ನ ಗಂಡ. ಇವನಲ್ಲ.”

ಪಾದ್ರಿ ಬಂದು ಅವಳ ಭುಜ ಹಿಡಿದು ಮೆಲ್ಲಗೆ ಕೂರಿಸಿದರು. “ದುಃಖದಲ್ಲಿ ಏನೇನೋ ಅನ್ಸುತ್ತಮ್ಮ. ಸಮಾಧಾನ ಮಾಡ್ಕೊಳ್ಳಿ.” ಫ್ಲಾಯ್ಡ್ ಕೂಡ ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದ.

ಆರು ಜನ ಪೆಟ್ಟಿಗೆ ಎತ್ತಿದರು. ಮುಂದಿನ ಹಿಡಿಗೆ ಫ್ಲಾಯ್ಡ್ ಕೈ ಹಾಕಿದ.

“ಹುಷಾರು ಹ್ಯಾಚರ್ ಅವ್ರೇ, ಆ ಕಾಲಿಗೆ ಭಾರ ಬಿಡ್ಬೇಡಿ,” ಎಂದರು ಯಾರೋ.

“ಹಳೇ ಆಟದ ಪೆಟ್ಟು,” ಎಂದ ಅವನು. ಬಲಗಾಲನ್ನಲ್ಲ, ಎಡಗಾಲನ್ನು ಎಳೆದೆಳೆದು ಹಾಕುತ್ತ ಮೆಟ್ಟಿಲಿಳಿದ.