ಡ್ರಮ್ಮಿನ ಮುಚ್ಚಳ

ಚಳಿಗಾಲ ಇನ್ನೂ ಕಾಲು ತೆಗೆದಿರಲಿಲ್ಲ. ಹೊತ್ತು ಮಧ್ಯಾಹ್ನ ಮೂರು ದಾಟಿತ್ತು. ಅಕ್ಕನನ್ನು ಮಣ್ಣು ಮಾಡಿ ಬಂದವರು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿರುವಾಗಲೇ ತಂಗಿ ಇದ್ದಿಲಿನ ಚೀಲದ ಬಾಯಿ ಬಿಚ್ಚಿ ಡ್ರಮ್ಮಿನೊಳಗೆ ಸುರಿದಳು. ಉದ್ದಕ್ಕೆ ಸೀಳಿದ ಕಬ್ಬಿಣದ ಡ್ರಮ್ಮು ಅದು. ಕೆಳಗಿನರ್ಧ ಒಲೆ, ಮೇಲಿನರ್ಧ ಮುಚ್ಚಳ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅಕ್ಕ ಅದರ ಮೇಲೆ ಕೋಳಿ ರೆಕ್ಕೆ ಸುಟ್ಟು ಮಾರಿ ಮನೆ ನಡೆಸಿದ್ದಳು.

"ಏನ್ ಮಾಡ್ತಿದೀಯ?" ತಮ್ಮ ಒದ್ದೆ ಕಾಲಲ್ಲೇ ಓಡಿಬಂದ. "ಗುಜರಿಯವನು ಸಂಜೆಗೆ ಗಾಡಿ ತರ್ತಾನೆ. ಬಿಸಿ ಡ್ರಮ್ಮು ಹೊರೋಕಾಗುತ್ತಾ?"

"ಹೊರೋದು ಬೇಡ."

"ನೋಡು, ನೀನು ಉಪ್ಪು ಖಾರ ಹಚ್ಚಿದವಳು. ಬೆಂಕಿ ಮುಂದೆ ನಿಂತವಳಲ್ಲ. ಗಿರಾಕಿ ಬಂದ್ರೆ ಬಾಯಿ ಬಿಡಲ್ಲ. ಹಠ ಬಿಡು, ನಮ್ಮನೇಲಿ ಬಂದಿರು."

ತಮ್ಮ ಕೆಟ್ಟವನಲ್ಲ. ಅವನ ಮನೆಯಲ್ಲಿ ಒಂದು ಮೂಲೆ, ಒಂದು ಚಾಪೆ ಅವಳಿಗೆ ಖಂಡಿತ ಸಿಗುತ್ತಿತ್ತು. ಆ ಮೂಲೆ ಅವಳ ಕಣ್ಣಿಗೆ ಕಟ್ಟಿದ್ದರಿಂದಲೇ ಅವಳು ಬೆಂಕಿಕಡ್ಡಿ ಗೀರಿದ್ದು.

"ಬಂದವರಿಗೆಲ್ಲ ರೆಕ್ಕೆ ಸುಟ್ಟು ಕೊಡ್ತೀನಿ. ಒಂದೇ ಸಮ ಬೆಂದ್ರೆ ಡ್ರಮ್ಮು ಇಲ್ಲೇ ಇರುತ್ತೆ."

"ಬೇಯದಿದ್ರೆ?"

"ಗಾಡಿಗೆ ಕಟ್ಟೋಕೆ ಹಗ್ಗ ನಾನೇ ಹಿಡ್ಕೊಡ್ತೀನಿ."

ಕೆಂಡವನ್ನು ಅಕ್ಕನ ಹಾಗೆಯೇ ಒಂದು ಮಗ್ಗುಲಿಗೆ ದೂಡಿದಳು, ರೆಕ್ಕೆಗಳನ್ನು ಇನ್ನೊಂದು ಮಗ್ಗುಲಿಗೆ ಜೋಡಿಸಿ ಮುಚ್ಚಿದಳು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಗಲ್ಲಿ ತುಂಬ ಜನ ಸುತ್ತ ನಿಂತು ಅವಳನ್ನೇ ನೋಡತೊಡಗಿದರು. ಕೈ ಸುಮ್ಮನಿರಲಾರದೆ ಹೋಯಿತು. ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಒಳಗಿನ ಕಾವೆಲ್ಲ ಗಾಳಿಪಾಲಾಯಿತು. ಬೇಯಲಿಲ್ಲವಲ್ಲ ಎಂದು ಅಷ್ಟನ್ನೂ ಇಕ್ಕಳದಲ್ಲಿ ಎತ್ತಿ ಕೆಂಡದ ನೆತ್ತಿಗೇ ಎಳೆದಳು. ಕೊಬ್ಬು ತೊಟ್ಟಿಕ್ಕಿತು, ಬೆಂಕಿ ಭಗ್ಗೆಂದಿತು.

ಮೊದಲ ರೆಕ್ಕೆ ದರ್ಜಿಗೆ. ಅಕ್ಕನ ಹಳೆಯ ಗಿರಾಕಿ. ಕಚ್ಚಿದ. ಮೇಲೆ ಕರಕಲು, ಮೂಳೆಯ ಹತ್ತಿರ ಹಸಿ ಕೆಂಪು. ಅದನ್ನು ಗೋಡೆಯ ಮೇಲಿಟ್ಟ.

"ಹೇಳಿದ್ನಲ್ಲ," ಎಂದು ತಮ್ಮ ಹಗ್ಗದ ಸುರುಳಿ ಬಿಚ್ಚತೊಡಗಿದ.

"ಇನ್ನೂ ಒಂದು ಬೋಗುಣಿ ರೆಕ್ಕೆ ಉಳಿದಿದೆ," ಎಂದಳು ತಂಗಿ.

ದರ್ಜಿ ಬೆರಳು ಒರೆಸಿಕೊಂಡ. "ಬೇಜಾರ್ ಮಾಡ್ಕೋಬೇಡ ತಾಯಿ. ರೇಡಿಯೋ ಇಲ್ದೆ ಗಲ್ಲಿ ಬಿಕೋ ಅನ್ನುತ್ತೆ. ನಿಮ್ಮಕ್ಕ ಇದ್ದಿದ್ರೆ ಇಷ್ಟೊತ್ತಿಗೆ ಅವಳ ಕತೇಲಿ ಡ್ರಮ್ಮು ಕ್ಷೌರದಂಗಡಿಗೆ ನುಗ್ಗಿರ್ತಿತ್ತು."

ತಂಗಿಯ ಕೈ ನಿಂತಿತು.

*

ಅಕ್ಕನಿಗೆ ರೇಡಿಯೋ ಎಂದು ಹೆಸರಿಟ್ಟವರು ಗಿರಾಕಿಗಳೇ. ಹಸಿದು ಬಂದವರು "ಆಯ್ತಾ, ಆಯ್ತಾ" ಎಂದು ಜೀವ ತಿಂದರೆ, ಅವಳು ಮುಚ್ಚಳದ ಮೇಲೆ ಅಂಗೈ ಊರಿ ಕತೆ ಶುರುಮಾಡುವಳು. "ಕೆಂಡಕ್ಕೂ ಕೋಳಿಗೂ ಹೊಸ ಬೀಗತನ ಕಣ್ರೀ. ಸ್ವಲ್ಪ ದೂರ ಕೂತೇ ಪರಿಚಯ ಆಗ್ಲಿ," ಅನ್ನುವಳು. ಬೆನ್ನ ಹಿಂದೆ ರೆಕ್ಕೆ ಕತ್ತರಿಸುತ್ತಿದ್ದ ತಂಗಿಗೆ ಆ ಗಂಟಲು ಕೇಳಿ ಕೇಳಿ ಸಾಕಾಗಿತ್ತು. "ಸ್ವಲ್ಪ ಬಾಯಿ ಮುಚ್ಚೇ," ಎಂದರೆ ಅಕ್ಕ ನಗುವಳು: "ನಾನು ಬಾಯಿ ಮುಚ್ಚಿದ್ರೆ ಈ ಮುಚ್ಚಳ ತೆರೆಯುತ್ತೆ."

ತಮಾಷೆ ಎಂದುಕೊಂಡಿದ್ದಳು ತಂಗಿ. ಇಷ್ಟು ವರ್ಷ.

*

ಎರಡನೇ ಸರ್ತಿ ರೆಕ್ಕೆ ಜೋಡಿಸಿ ಮುಚ್ಚಿದಳು. ದಪ್ಪ ಬಟ್ಟೆ ಮಡಚಿ ಮುಚ್ಚಳದ ಮೇಲಿಟ್ಟು ಅಂಗೈ ಊರಿದಳು.

"ಬಣ್ಣದ ಕಾರ್ಖಾನೆ ಹಿಂದೆ... ಈ ಡ್ರಮ್ಮು ಬಿದ್ದಿತ್ತು," ಎಂದಳು. "ಅಕ್ಕ, ನಾನು, ಉರುಳಿಸ್ಕೊಂಡು ಹೊರಟ್ವಿ."

ಜನ ಕಿವಿ ನಿಮಿರಿಸಿದರು.

"ಇಳಿಜಾರಲ್ಲಿ ಕೈ ಜಾರ್ತು. ಕ್ಷೌರದಂಗಡಿಗೆ ನುಗ್ತು."

"ಏ, ಇಷ್ಟು ಬೇಗಾನಾ?" ದರ್ಜಿ ತಡೆದ. "ಸೈಕಲ್ಲಿನವನು ಎಲ್ಲಿ? ಮೊದಲು ಅವನ ತರಕಾರಿ ಚೆಲ್ಲಬೇಕು!"

"ಹೌದು, ಸೈಕಲ್ಲಿನವನು," ಎಂದು ಹಿಂದಕ್ಕೆ ಹೋದಳು. ಸೈಕಲ್ಲಿನವನು ಬಿದ್ದ, ಟೊಮೆಟೊ ಡ್ರಮ್ಮಿಗಿಂತ ಮುಂದೆ ಓಡಿದವು. ನಡುವೆ ಇಕ್ಕಳ ಹಿಡಿದು ರೆಕ್ಕೆಗಳನ್ನು ಒಂದೇ ಸಲ ಮಗುಚಿ, ಮುಚ್ಚಿ, ಕತೆಯನ್ನು ಬಿಟ್ಟಲ್ಲಿಂದ ಹಿಡಿದಳು.

"ಕ್ಷೌರಕ್ಕೆ ಕೂತಿದ್ದವನು ಎದ್ದು ಓಟ. ಒಂದು ಕೆನ್ನೆ ಬೋಳು, ಒಂದು ಕೆನ್ನೆ ನೊರೆ. ಸಿಕ್ಕಿದ ಬಸ್ಸು ಹತ್ತಿದ. ಕಂಡಕ್ಟರ್ ಅಂದ, ಅರ್ಧ ಮುಖ ತಂದಿದೀಯ, ಅರ್ಧ ಟಿಕೆಟ್ ತಗೋ!"

ಮೊದಲು ನಕ್ಕವಳು ತಮ್ಮನ ಹೆಂಡತಿ. ಆಮೇಲೆ ಗಲ್ಲಿಯೇ ನಕ್ಕಿತು. ಬೆಳಗಿನಿಂದ ಅತ್ತ ಕಣ್ಣುಗಳನ್ನೇ ಒರೆಸಿಕೊಂಡು ನಕ್ಕಿತು. ಹಗ್ಗ ಹಿಡಿದು ನಿಂತಿದ್ದ ತಮ್ಮ ಒಂದು ಹೆಜ್ಜೆ ಹತ್ತಿರ ಬಂದ.

"ಆಮೇಲೆ?" ಎಂದ. "ಅಕ್ಕ ಮುಂದಕ್ಕೆ ಹೇಳ್ತಾನೇ ಇರ್ಲಿಲ್ಲ. ಆಮೇಲೆ ಅವನಿಗೇನಾಯ್ತು?"

ತಂಗಿ ಮುಚ್ಚಳ ಎತ್ತಿದಳು. "ಆಮೇಲೆ ರೆಕ್ಕೆ ಬೆಂದ್ವು."

ಕೊನೆಗೊಂದು ಸಲ ಕೆಂಡದ ಮೇಲೆ ಎಳೆದು ಬಣ್ಣ ತರಿಸಿ ತಟ್ಟೆಗೆ ಹಾಕಿದಳು. ತುದಿಯಿಂದ ಕೀಲಿನವರೆಗೆ ಒಂದೇ ಕಂದು. ದರ್ಜಿ ಕಚ್ಚಿದ, ಮಾಂಸ ಮೂಳೆಯನ್ನು ಬಿಟ್ಟು ಬಂತು. ಅವನು ಖಾಲಿ ಕೈಯನ್ನು ಮತ್ತೆ ಮುಂದೆ ಚಾಚಿದ. ತಮ್ಮ ಹಗ್ಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ತಿಂದ.

ಅಕ್ಕ ಹೋದದ್ದು ಮಂಗಳವಾರ. ಗುಜರಿಯವನು ಬಾಯಲ್ಲಿ ಮೂಳೆ ಚೀಪುತ್ತ, ಖಾಲಿ ಗಾಡಿ ಗಡಗಡ ತಳ್ಳಿಕೊಂಡು ಹೋದದ್ದು ಬುಧವಾರ ಸಂಜೆ.