ಗಾಜು ಏರಿಸಿ ಆಡಿದ ಮಾತು

“ಕತ್ತೆಗೆ ಸ್ಟೇರಿಂಗ್ ಕೊಟ್ಟಿದ್ರೂ ಇಷ್ಟೊತ್ತಿಗೆ ಮರ್ಯಾದೆ ಕಲಿತಿರ್ತಿತ್ತು ಕಣಯ್ಯಾ, ತಿಳೀತಾ? ಕತ್ತೆಯಿಂದ ಇನ್ನೊಂದು ಅನುಕೂಲ ಏನಂದ್ರೆ, ಅದು ಗಿರಾಕಿಗೆ ಎದುರು ಮಾತಾಡಲ್ಲ. ತಿಳೀತಾ?”

ಟ್ಯಾಕ್ಸಿ ಶೆಡ್ಡಿನ ನಟ್ಟನಡುವೆ ನಿಂತು, ಎಂದಿನಂತೆ ಒಮ್ಮೆ ಕೆಮ್ಮಿ, ಯಜಮಾನ ಹೀಗಂದಾಗ ಡ್ರೈವರುಗಳೆಲ್ಲ ಅಲ್ಲೇ ಇದ್ದರು. ಒಬ್ಬ ಟಯರಿಗೆ ಗಾಳಿ ತುಂಬುತ್ತಿದ್ದ, ಒಬ್ಬ ಬಾನೆಟ್ಟಿನ ಮೇಲೆ ಪೇಪರು ಹರಡಿಕೊಂಡಿದ್ದ. ಎಲ್ಲರೂ ನಕ್ಕರು. ಯಜಮಾನ ಬೈದಾಗ ನಗುವುದೂ ಆ ಶೆಡ್ಡಿನ ಕೆಲಸದಲ್ಲೇ ಸೇರಿತ್ತು. ಮೂಲೆಯಲ್ಲಿ ಸೀಟಿನ ಕವರು ಹೊಲಿಯುತ್ತಿದ್ದ ಅಕ್ಕ ಮಾತ್ರ ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅವಳ ಮಷೀನು ನಿಂತಿತು, ಅಷ್ಟೆ.

ಬೈಸಿಕೊಂಡವನು ಅವಳ ತಮ್ಮ. ಶೆಡ್ಡಿನಲ್ಲಿ ಅವನನ್ನು ಸಿಡುಕ ಅಂತಲೇ ಕರೆಯುವುದು. ಹಿಂದಿನ ದಿನ ಒಬ್ಬ ಗಿರಾಕಿ ಕೆಸರು ಮೆತ್ತಿದ ಬೂಟುಗಳನ್ನು ಹೊಸ ಕವರಿನ ಮೇಲೆ ಇಟ್ಟುಕೊಂಡು ಕಾಲು ಚಾಚಿದ್ದ. ಆ ಕವರನ್ನು ಅಕ್ಕ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದದ್ದು. “ಕಾಲು ಕೆಳಗಿಡಿ ಸಾರ್, ಇದು ನಿಮ್ಮನೆ ಜಗಲಿ ಅಲ್ಲ” ಅಂದಿದ್ದ ಸಿಡುಕ. ಗಿರಾಕಿ ಫೋನು ಮಾಡಿ ದೂರು ಕೊಟ್ಟ. ಬೂಟಿನ ಸಂಗತಿ ಯಜಮಾನನಿಗೆ ಬೇಕಿರಲಿಲ್ಲ. ಜಗಲಿ ಅಂದದ್ದು ಮಾತ್ರ ಬೇಕಿತ್ತು.

“ಇನ್ನೊಂದ್ಸಲ ನಿನ್ನ ಬಾಯಿ ನನ್ನ ಕಿವಿಗೆ ಬಿತ್ತೋ, ಬೀಗದ ಕೈ ಇಟ್ಟು ಹೊರಡು. ಹೋಗ್ತಾ ನಿಮ್ಮಕ್ಕನ ಮಷೀನೂ ಹೊತ್ಕೊಂಡು ಹೋಗು. ತಿಳೀತಾ?”

ಅಕ್ಕನೇ ಕೈಮುಗಿದು ಕೊಡಿಸಿದ ಕೆಲಸ ಅದು. ಇದಕ್ಕೆ ಮುಂಚಿನ ಕೆಲಸಗಳೆಲ್ಲ ಅವನ ನಾಲಿಗೆಯ ತುದಿಯಿಂದ ಉದುರಿ ಹೋಗಿದ್ದವು. ಸಿಡುಕ ಹಲ್ಲು ಕಚ್ಚಿಕೊಂಡು ಶೆಡ್ಡಿನ ಹಿಂಬದಿಗೆ ಹೋದ. ತನ್ನ ಕಾರಿನೊಳಗೆ ಕೂತು, ಎಲ್ಲ ಗಾಜು ಏರಿಸಿ, ಜೇಬಿನಿಂದ ಹಾಡಿನ ಡಬ್ಬಿಯನ್ನು ತೆಗೆದ.

ಡಬ್ಬಿ ಅಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲೇಯರು. ಅಕ್ಕ ಕೊಡಿಸಿದ್ದು. ಹಾಡು ಕೇಳುವುದರ ಜೊತೆಗೆ ಅದರಲ್ಲಿ ದನಿಯನ್ನೂ ಹಿಡಿದಿಡಬಹುದು ಅಂತ ಕಂಡುಹಿಡಿದವಳೂ ಅವಳೇ. “ಯಾರಿಗಾದ್ರೂ ಬೈಬೇಕು ಅನ್ಸಿದ್ರೆ ಗಾಜು ಏರಿಸ್ಕೊಂಡು ಇದಕ್ಕೆ ಬೈಯಪ್ಪ. ಇದು ನಿನ್ನನ್ನ ಕೆಲಸದಿಂದ ತೆಗಿಯಲ್ಲ” ಅಂದಿದ್ದಳು. ಅವಳು ತಮಾಷೆಗೆ ಅಂದದ್ದು ಅವನಿಗೆ ರೂಢಿಯಾಗಿಬಿಟ್ಟಿತು. ಬೈಯುವುದಕ್ಕೆ ಅವನದೇ ಒಂದು ಕ್ರಮವೂ ಇತ್ತು. ಮೊದಲು ತನಗೆ ಬಿದ್ದ ಬೈಗುಳವನ್ನು, ಬೈದವರು ಬೈದ ಹಾಗೇ, ಅದೇ ರಾಗದಲ್ಲಿ, ಅದೇ ಕೆಮ್ಮಿನ ಜೊತೆ ಆಡಬೇಕು. ಹಾಗೆ ಆಡದೆ ಅವನಿಗೆ ಉತ್ತರ ಹುಟ್ಟುತ್ತಲೇ ಇರಲಿಲ್ಲ. ಆಮೇಲೆ ಉತ್ತರ. ಅದು ಬಂದಮೇಲೆ ನಿಲ್ಲುತ್ತಿರಲಿಲ್ಲ. ಅಂದೂ ಹಾಗೇ ಆಯಿತು. ಕತ್ತೆಯ ಬೈಗುಳವನ್ನು ಆಡಿ ಮುಗಿಸಿ, ಯಜಮಾನನ ಬೋಳುತಲೆ, ಹೊಟ್ಟೆ, ಅವನು ಊಟ ಮಾಡುವಾಗ ಮಾಡುವ ಸದ್ದು, ಯಾವುದನ್ನೂ ಬಿಡದೆ ಕಿರುಚಿ, ಗಂಟಲು ಕಟ್ಟಿದ ಮೇಲೆ ಗುಂಡಿ ಒತ್ತಿ ನಿಲ್ಲಿಸಿದ. ಮೈ ಹಗುರಾಯಿತು.

ಹಿಡಿದಿಟ್ಟದ್ದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ. ಡಬ್ಬಿ ಬಿದ್ದು ಅದರ ಪರದೆ ಒಡೆದಾಗಿನಿಂದ ಹಾಡು ಯಾವುದು ಬೈಗುಳ ಯಾವುದು ಅಂತ ಕಾಣುತ್ತಲೂ ಇರಲಿಲ್ಲ. ಗುಂಡಿ ಒತ್ತಿದರೆ ಅದಕ್ಕೆ ತೋಚಿದ್ದು ಬರುತ್ತಿತ್ತು. ಬೈಗುಳ ಬಂದರೆ ಮುಂದಕ್ಕೆ ಹಾರಿಸುತ್ತಿದ್ದ.

ಯಾರೋ ಗಾಜಿಗೆ ಬಡಿದರು. ನೋಡಿದರೆ ಯಜಮಾನ.

“ಗಾಡಿ ತೆಗಿ. ನನ್ನ ಕಾರು ರಿಪೇರಿಗೆ ಹೋಗಿದೆ. ಅಮ್ಮನ್ನ ಕಣ್ಣಾಸ್ಪತ್ರೆಯಿಂದ ಕರ್ಕೊಂಡು ಬರ್ಬೇಕು. ಬಾಯಿ ಹೊಲ್ಕೊಂಡು ಓಡಿಸು.”

ಆಸ್ಪತ್ರೆಯ ಬಾಗಿಲಲ್ಲಿ ಯಜಮಾನನ ತಾಯಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದರು. ಆಪರೇಷನ್ ಆದ ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಮೊದಲಿನಿಂದಲೂ ಮಂಜು. ಎರಡರ ಮೇಲೂ ದೊಡ್ಡದೊಂದು ಕಪ್ಪು ಕನ್ನಡಕ. ನರ್ಸು ಡ್ರೈವರಿಗೇ ಹೇಳಿದಳು: “ನೋಡಪ್ಪಾ, ಗಾಡಿ ಕುಲುಕಬಾರ್ದು. ಗುಂಡಿ ಹಾರಿಸಿದ್ಯೋ, ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮ.” ಸಿಡುಕ ತಲೆಯಾಡಿಸಿದ. ಅಮ್ಮನನ್ನು ತೋಳು ಹಿಡಿದು ಹಿಂದಿನ ಸೀಟಿನಲ್ಲಿ ಕೂರಿಸಿದ. ಅವರು ಕೈಯಾಡಿಸಿ ಸೀಟಿನ ಹೊಲಿಗೆಯನ್ನು ಸವರಿದರು.

“ಒಳ್ಳೇ ಹೊಲಿಗೆ. ಯಾರದು?”

“ನಮ್ಮಕ್ಕಂದಮ್ಮಾ.” ಕಿರುಚಿ ಕಟ್ಟಿದ ಗಂಟಲಿನಿಂದ ಸಿಡುಕನ ದನಿ ಒಡೆದು ಬಂತು.

“ಮಾತಾಡ್ಬೇಡ, ಓಡಿಸು” ಅಂದ ಯಜಮಾನ, ಮುಂದಿನ ಸೀಟಿನಲ್ಲಿ ಕೂರುತ್ತ.

ಕಾರು ದೊಡ್ಡ ರಸ್ತೆಗೆ ಬರುತ್ತಿದ್ದಂತೆ ಅಮ್ಮ, “ಕತ್ತಲೆಯೊಳಗೆ ಕೂತ ಹಾಗಾಗ್ತಿದೆ ಕಣೋ. ಏನಾದ್ರೂ ಹಾಡು ಹಾಕ್ಸು” ಅಂದರು. ಆ ಕಾರಿನ ರೇಡಿಯೋ ಏರಿಯಲ್ಲು ಮುರಿದಾಗಲೇ ಸತ್ತಿತ್ತು. ಸ್ಟೀರಿಯೋದ ಹೊಟ್ಟೆಯಿಂದ ಹೊರಬಂದಿದ್ದ ಒಂದು ಕಪ್ಪು ವೈರು ಗೇರಿನ ಪಕ್ಕ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಯಜಮಾನನ ಕಣ್ಣು ಅದರ ಮೇಲೆ ಬಿತ್ತು. ಆಮೇಲೆ ಸಿಡುಕನ ಜೇಬಿನ ಮೇಲೆ.

“ಯಾವಾಗ್ಲೂ ಕಿವಿಗೆ ಸಿಗಿಸ್ಕೊಂಡಿರ್ತೀಯಲ್ಲ, ಆ ಡಬ್ಬಿ ಕೊಡಿಲ್ಲಿ.”

“ಚಾರ್ಜಿಲ್ಲ ಸಾರ್.”

“ದೀಪ ಉರೀತಿದೆಯಲ್ಲಯ್ಯಾ ಜೇಬಲ್ಲೇ.”

“ವೈರು ಸರಿಯಿಲ್ಲ ಸಾರ್. ಒಂದು ಕಡೆ ಬರುತ್ತೆ, ಒಂದು ಕಡೆ ಬರಲ್ಲ.”

“ನಮ್ಮಮ್ಮನಿಗೆ ಒಂದು ಕಡೆ ಬಂದ್ರೆ ಸಾಕು.” ಅಷ್ಟಂದವನೇ ಅವನ ಜೇಬಿಗೆ ಕೈಹಾಕಿ ಡಬ್ಬಿಯನ್ನು ಎತ್ತಿಕೊಂಡ. ವೈರಿನ ತುದಿಯ ಪಿನ್ನನ್ನು ಅದರ ತೂತಿಗೆ ತುರುಕಿದ. ಕರಕರ ಸದ್ದು ಬಂತು. ಪಿನ್ನನ್ನು ಅತ್ತ ತಿರುವಿದ, ಇತ್ತ ತಿರುವಿದ. ದನಿ ಸಣ್ಣದಾಗಿ ಬಂತೆಂದು ಸ್ಟೀರಿಯೋದ ತಿರುಗಣಿಯನ್ನು ಕೊನೆಯವರೆಗೂ ತಿರುಗಿಸಿದ. 

ಮೊದಲು ಬಂದದ್ದು ಹಾಡೇ. ಹಳೆಯ ಕಾಲದ, ನಿಧಾನದ ಹಾಡು. ಅಮ್ಮ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದರು. ಎರಡನೆಯದೂ ಹಾಡೇ. ಸಿಡುಕ ಉಸಿರು ಬಿಟ್ಟ. ಆದರೂ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸ್ಪೀಕರು ಸುಮ್ಮನಾಗುತ್ತಿತ್ತಲ್ಲ, ಆ ಮೌನದೊಳಗೆ ಅವನ ಕೆಲಸ, ಅಕ್ಕನ ಮಷೀನು, ಮನೆಯ ಒಲೆ, ಎಲ್ಲ ನೇತಾಡುತ್ತಿದ್ದವು.

ವೈರು ಕಳಚಿಕೊಂಡರೆ ಬದುಕಿದೆ ಅನ್ನಿಸಿತು ಅವನಿಗೆ. ಸಡಿಲ ಪಿನ್ನು. ಗಾಡಿ ಒಮ್ಮೆ ಜೋರಾಗಿ ಎಗರಿದರೆ ಸಾಕು. ಮುಂದೆ ಪೈಪಿಗಾಗಿ ಅಗೆದು ಹಾಗೇ ಬಿಟ್ಟ ರಸ್ತೆ. ಗುಂಡಿಗಳಿಗೇನು ಬರಗಾಲ? ಮೊದಲನೆಯದು ಎಡಗಡೆಯ ಚಕ್ರಕ್ಕೆ ಸರಿಯಾಗಿ ಬಾಯಿ ತೆರೆದುಕೊಂಡು ಕೂತಿತ್ತು. ಸಿಡುಕ ಸ್ಟೇರಿಂಗನ್ನು ಅದರತ್ತ ಎಳೆದ. ಕನ್ನಡಿಯಲ್ಲಿ ಕಪ್ಪು ಕನ್ನಡಕ ಕಂಡಿತು. ಅಮ್ಮ ಏನೂ ಕಾಣದೆ, ಯಾವುದಕ್ಕೂ ಕೈ ಊರದೆ, ಹಾಡಿನ ಜೊತೆ ತಲೆಯಾಡಿಸುತ್ತಿದ್ದರು.

“ಥೂ” ಅಂದುಕೊಂಡ, ಒಳಗೇ. ಬ್ರೇಕು ಮೆಲ್ಲಗೆ ಒತ್ತಿ, ಸ್ಟೇರಿಂಗನ್ನು ಹಿಂದಕ್ಕೆ ತಂದು, ಗುಂಡಿಯ ಅಂಚನ್ನು ಬಳಸಿ ದಾಟಿದ. ಮುಂದಿನದನ್ನೂ ಹಾಗೇ ದಾಟಿದ. ಹಿಂದಿನ ಲಾರಿಯವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾದ.

“ಎಷ್ಟು ಮೆತ್ತಗೆ ಓಡಿಸ್ತೀಯಪ್ಪಾ” ಅಂದರು ಅಮ್ಮ. “ತೊಟ್ಟಿಲಲ್ಲಿ ಇಟ್ಟ ಹಾಗಿದೆ.”

ಆ ಹಾಡು ಮುಗಿಯಿತು. ಸ್ಪೀಕರು ಸುಮ್ಮನಾಯಿತು. ಆಮೇಲೆ ಯಾರೋ ಕೆಮ್ಮಿದರು.

“ಕತ್ತೆಗೆ ಸ್ಟೇರಿಂಗ್ ಕೊಟ್ಟಿದ್ರೂ ಇಷ್ಟೊತ್ತಿಗೆ ಮರ್ಯಾದೆ ಕಲಿತಿರ್ತಿತ್ತು ಕಣಯ್ಯಾ, ತಿಳೀತಾ?”

ಕಾರಿನ ನಾಲ್ಕೂ ಬಾಗಿಲುಗಳಿಂದ ಆ ದನಿ ಬಂತು. ಒಂದು ಕ್ಷಣ ಸಿಡುಕನಿಗೂ ಪಕ್ಕದಲ್ಲಿದ್ದ ಯಜಮಾನನೇ ಬಾಯಿಬಿಟ್ಟ ಅನ್ನಿಸಿತು. ತಿರುಗಿ ನೋಡಿದರೆ ಯಜಮಾನನ ಬಾಯಿ ಮುಚ್ಚಿತ್ತು. ಕಣ್ಣು ಮಾತ್ರ ಸ್ಟೀರಿಯೋದ ಮೇಲೆ ನೆಟ್ಟಿತ್ತು. ಅದು ತನ್ನ ದನಿ, ತನ್ನದೇ ಗಂಟಲು ಅಂತ ಸಿಡುಕನಿಗೆ ಗೊತ್ತು. ಆದರೆ ಅದರಲ್ಲಿ ತನ್ನದು ಅನ್ನುವಂಥದ್ದು ಏನೂ ಇರಲಿಲ್ಲ. ಆ ಗೊಗ್ಗರು, ಆ ಕೊಂಕು, ಎದುರಿಗಿದ್ದವನನ್ನು ಕಾಲಡಿಯ ಕಸ ಮಾಡಿ ಆಡುವ ಆ ರಾಗ, ಎಲ್ಲ ಯಜಮಾನನದೇ. 

“ಕತ್ತೆಯಿಂದ ಇನ್ನೊಂದು ಅನುಕೂಲ ಏನಂದ್ರೆ…” ಅಂದಿತು ಸ್ಪೀಕರು.

“ಇದೇನೋ ಇದು?” ಅಮ್ಮ ಮುಂದಕ್ಕೆ ಬಾಗಿದರು. “ನಿನ್ನ ದನಿ ಅಲ್ವೇನೋ?”

“ನನ್ನದಾ?” ಅಂದ ಯಜಮಾನ.

“ಮತ್ತಿನ್ಯಾರದು? ತಿಳೀತಾ ತಿಳೀತಾ ಅಂತ ಈ ಭೂಮಿ ಮೇಲೆ ಇನ್ಯಾರು ಬಡ್ಕೋತಾರೆ? ಹುಡುಗನ್ನ ಹೀಗೇನೋ ಮಾತಾಡ್ಸೋದು ನೀನು? ಪಾಪ, ಹಿಡಿದಿಟ್ಕೊಂಡಿದಾನೆ.”

ಯಜಮಾನ ಕಿವಿಗೊಟ್ಟು ಕೇಳಿದ. ತನ್ನ ದನಿ ಹೊರಗಿನವರಿಗೆ ಹೇಗೆ ಕೇಳಿಸುತ್ತದೆ ಅಂತ ಯಾರಿಗೆ ಗೊತ್ತಿರುತ್ತದೆ? ಮಾತು ಅವನದೇ. ಬೆಳಿಗ್ಗೆ ಆಡಿದ್ದು, ಒಂದಕ್ಷರ ಹೆಚ್ಚುಕಮ್ಮಿ ಇಲ್ಲ. ಅವನ ಕಿವಿಯ ತುದಿ ಕೆಂಪಾಯಿತು.

“ನಿಮ್ಮಕ್ಕನ ಮಷೀನೂ ಹೊತ್ಕೊಂಡು ಹೋಗು. ತಿಳೀತಾ?” ಅಂದಿತು ಸ್ಪೀಕರು.

ಸಿಡುಕನ ಕೈ ಸ್ಟೇರಿಂಗಿಗೆ ಅಂಟಿಕೊಂಡಿತು. ಬೈಗುಳ ಮುಗಿದಿತ್ತು. ಇನ್ನು ಬರುವುದು ಉತ್ತರ. ಉತ್ತರದ ಮೊದಲ ಮಾತೇ ಬೋಳುತಲೆ. ಕೈಬಿಟ್ಟು ವೈರು ಕೀಳೋಣವೆಂದರೆ ಎದುರಿಗೇ ಬಸ್ಸು, ಪಕ್ಕದಲ್ಲಿ ಅಗೆದ ಗುಂಡಿ. ಸ್ಪೀಕರಿನೊಳಗೆ ಯಾರೋ ಉಸಿರು ಎಳೆದುಕೊಂಡ ಸದ್ದು ಕೇಳಿಸಿತು. ಆ ಉಸಿರು ಅವನದೇ. ಅದರ ಹಿಂದೆ ಏನಿದೆ ಅಂತ ಅವನಿಗೊಬ್ಬನಿಗೇ ಗೊತ್ತಿತ್ತು.

“ತೆಗೀಬೇಡ, ಇರ್ಲಿ. ಪೂರ್ತಿ ಕೇಳ್ತೀನಿ” ಅಂದರು ಅಮ್ಮ.

ಯಜಮಾನ ಫಟ್ಟನೆ ವೈರನ್ನು ಕಿತ್ತ. “ಸಾಕಮ್ಮಾ” ಅಂದ. “ತಲೆನೋವು ಬರುತ್ತೆ ನಿಂಗೆ.” ಡಬ್ಬಿಯನ್ನು ಆರಿಸಿ ಸಿಡುಕನ ತೊಡೆಯ ಮೇಲೆ ಹಾಕಿ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಸಿಡುಕನಿಗೆ ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನಗು ಉಕ್ಕಿ ಬಂತು. ತಡೆಯಲು ಕೆನ್ನೆಯ ಒಳಗನ್ನು ಕಚ್ಚಿಕೊಂಡ. ಬಸ್ಸು ದಾಟಿತು. ಅಗೆದ ರಸ್ತೆ ಮುಗಿದು ನುಣ್ಣನೆಯ ರಸ್ತೆ ಶುರುವಾಯಿತು. ಹಾಡು ನಿಂತದ್ದಕ್ಕೆ ಅಮ್ಮ ತಾವೇ ಸಣ್ಣಗೆ ಹಾಡಿಕೊಳ್ಳತೊಡಗಿದರು. ಮರೆತ ಸಾಲು ಬಂದಾಗ ಲಲ್ಲಲ ಅಂದುಕೊಂಡು ದಾಟಿಸುತ್ತಿದ್ದರು.

ಮನೆಯ ಮುಂದೆ ಯಜಮಾನ ಬಾಗಿಲು ತೆಗೆಯಲು ಮುಂದೆ ಹೋದ. ಅಮ್ಮ ಸಿಡುಕನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಕೊನೆಯ ಮೆಟ್ಟಿಲಲ್ಲಿ ನಿಂತು, ತಡವಿ ಅವನ ಕೆನ್ನೆ ಮುಟ್ಟಿ, ಮಗನಿಗೆ ಕೇಳಿಸದ ಹಾಗೆ ಅಂದರು: “ಬಿಸಿನೀರು ಕುಡಿಯಪ್ಪಾ. ಹಾಗೆ ಕಿರುಚಿದ್ರೆ ಗಂಟಲು ಉಳಿಯಲ್ಲ.” ಹಾಡಿನ ನಡುವೆ ಬಂದದ್ದು ತನ್ನ ದನಿ ಅಂತ ಇವರಿಗೆ ಗೊತ್ತಾಗಿತ್ತೇ? ಸಿಡುಕ ತಲೆ ಎತ್ತಿದ. ಅವರು ಆಗಲೇ ಗೋಡೆ ಹಿಡಿದು ಒಳಗೆ ಹೋಗಿದ್ದರು.

ಇಬ್ಬರೂ ಶೆಡ್ಡಿಗೆ ವಾಪಸು ಹೊರಟರು. ಕಪ್ಪು ವೈರು ಗೇರಿನ ಪಕ್ಕ ತೂಗಾಡುತ್ತಿತ್ತು.

ಶೆಡ್ಡಿನಲ್ಲಿ ಎಲ್ಲರೂ ಕಾಯುತ್ತಿದ್ದರು. ದಾರಿಯಲ್ಲಿ ಈ ಬಾಯಿ ಏನಾದರೊಂದು ಹೇಳಿರುತ್ತದೆ, ಬೀಗದ ಕೈ ಮೇಜಿನ ಮೇಲೆ ಬೀಳುತ್ತದೆ ಅಂತ ಮಾತಾಡಿಕೊಂಡಿದ್ದರೋ ಏನೋ. ಅಕ್ಕ ಕತ್ತರಿಯನ್ನು ಚೀಲಕ್ಕೆ ಹಾಕಿಟ್ಟುಕೊಂಡೇ ಹೊಲಿಯುತ್ತಿದ್ದಳು. ಕಾರು ನಿಂತದ್ದೇ ಅವಳ ಮಷೀನೂ ನಿಂತಿತು.

ಯಜಮಾನ ಇಳಿದ. ಟಯರಿನ ಹತ್ತಿರ ಯಾರೋ ಚೆಲ್ಲಿದ್ದ ಗ್ರೀಸು ಅವನ ಕಾಲಿಗೆ ಸಿಕ್ಕಿತು. “ಯಾವನಯ್ಯಾ ಇಲ್ಲಿ…” ಅಂತ ಎತ್ತಿದ ದನಿಯನ್ನು ಅರ್ಧಕ್ಕೇ ನುಂಗಿಕೊಂಡ. ಡ್ರೈವರುಗಳು ನಗಲು ಬಾಯಿ ತೆರೆದವರು ಹಾಗೇ ಉಳಿದರು. ಯಜಮಾನ ಕೆಮ್ಮಿದ. ತನ್ನ ಕೆಮ್ಮನ್ನು ತಾನೇ ಕೇಳಿಸಿಕೊಂಡವನ ಹಾಗೆ ಒಂದು ಗಳಿಗೆ ನಿಂತ.

“ಲೇ ಸಿಡುಕ.”

ಸಿಡುಕ ತಿರುಗಿದ.

“ನಾನು ನಿಜವಾಗ್ಲೂ ಹಂಗೇ ಕೇಳಿಸ್ತೀನೇನಯ್ಯಾ? ತಿಳೀ…” ಅಂದು ಬಾಯಿ ಮುಚ್ಚಿಕೊಂಡ.

ಯಾರಿಗೂ ತಲೆಬುಡ ತಿಳಿಯಲಿಲ್ಲ. ಎಲ್ಲರೂ ಸಿಡುಕನ ಮುಖ ನೋಡಿದರು. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಗಂಟಲು ಉರಿಯುತ್ತಿತ್ತು.

ಅವನು ಡಬ್ಬಿಯನ್ನು ಜೇಬಿಗಿಳಿಸಿ, ಗ್ರೀಸನ್ನು ಬಳಸಿಕೊಂಡು, ಮೂಲೆಯಲ್ಲಿದ್ದ ನೀರಿನ ಹೂಜಿಯ ಕಡೆಗೆ ನಡೆದ. ಹಿಂದಿನಿಂದ ಅಕ್ಕನ ಮಷೀನು ಮೊದಲು ತಡೆತಡೆದು, ಆಮೇಲೆ ಒಂದೇ ಸಮನೆ ಓಡತೊಡಗಿತು.